ಎಂಟು ಗೆಣ್ಣಿನ ಹೆಸರು

ನದಾಫ್ ಸರ್ ಅವರ ಬಲಗೈ ಹೆಬ್ಬೆರಳು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಹಾನಗಲ್ಲಿನ ನಮ್ಮ ಕಾಲೇಜಿಗೆ ಜೀವಶಾಸ್ತ್ರ ಕಲಿಸಲು ಸವಣೂರಿನಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದರು. ದಾರಿಯುದ್ದಕ್ಕೂ ಬೆರಳ ಗೆಣ್ಣುಗಳ ಮೇಲೆ ದೇವರ ಹೆಸರು ಎಣಿಸುತ್ತಿದ್ದ ಆ ಹೆಬ್ಬೆರಳು ತರಗತಿಯಲ್ಲಿ ಕಿಣ್ವಗಳ ಹೆಸರು ಎಣಿಸುತ್ತಿತ್ತು.

“ಹೆಸರು ಎಷ್ಟ ಉದ್ದ ಇದ್ರೂ ಬಾಯಿ ಒಂದ ಐತಿ. ರೊಟ್ಟಿ ಹಂಗ ಮುರಕೊಂಡು ತಿನ್ರಿ,” ಎನ್ನುತ್ತಿದ್ದರು.

ನನಗೆ ಹುಟ್ಟಿನಿಂದಲೇ ಉಗ್ಗು. ನನ್ನ ಹೆಸರು ಹೇಳುವುದೇ ಹೆಣಭಾರ. ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನರದ ಕಿಣ್ವದ ಹೆಸರು ಕೇಳಿದರು. ‘ಅ’ ಎಂದವಳು ಅಲ್ಲೇ ನಿಂತೆ. ಸರ್ ಮಾತಾಡುವಂತಿಲ್ಲ. ಕಪಾಟಿನ ಪಕ್ಕದಲ್ಲಿ ನಿಂತು ಕೈ ಎತ್ತಿ ಹೆಬ್ಬೆರಳು ಸರಿಸಿದರು. ಅ-ಸಿ-ಟೈಲ್, ಕಿರುಬೆರಳು ಮುಗಿಯಿತು. ಕೋ-ಲಿ-ನೆಸ್, ಉಂಗುರಬೆರಳು. ಟ-ರೇಸ್. ನಡುಬೆರಳಿನ ನಡುಗೆಣ್ಣಿಗೆ ನಾನು ದಡ ಮುಟ್ಟಿದೆ.

“ಎಂಟು ಗೆಣ್ಣಿಗೆ ಇಷ್ಟ್ಯಾಕ ಬೆವರ್ತೀ ತಂಗಿ? ಹೊಲಾ ಹರಗಿ ಬಂದಂಗ!” ಎಂದು ಸರ್ ಹೊರಗೆ ಬಂದು ನಕ್ಕರು.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈಯೂ ಹೋಯಿತು, ಮಾತೂ ಹೋಯಿತು. ಹಂಸಭಾವಿಯಲ್ಲಿ ಮೇಷ್ಟ್ರಗಿರಿ ಮಾಡಿಕೊಂಡಿದ್ದ ನಾನು ರಜೆ ಹಾಕಿ ನೋಡಲು ಹೋದೆ.

“ಬಾಯಾಗ ಒಂದ ಹೆಸರು ಉಳದೈತಿ ನೋಡವ್ವ. ನನ್ನ ಹೆಸರಲ್ಲ,” ಎಂದರು ಅವರ ಹೆಂಡತಿ ಖತೀಜಾಬಿ.

ನನ್ನನ್ನು ಕಂಡದ್ದೇ ತಡ, ಸರ್ ಅವರ ಎಡಗೈಯ ಹೆಬ್ಬೆರಳು ಎದ್ದಿತು. “ಅ-ಸಿ-ಟೈಲ್-ಕೋ-ಲಿ-ನೆಸ್-ಟ-ರೇಸ್.” ಒಂದಕ್ಷರ ತಪ್ಪಲಿಲ್ಲ. ನಾನು, ಹುಚ್ಚಿ, ಖುಷಿಯಿಂದ ಚಪ್ಪಾಳೆ ತಟ್ಟಿದೆ.

ಅವರು ಪಾಠ ಒಪ್ಪಿಸುತ್ತಿರಲಿಲ್ಲ. ಏನನ್ನೋ ಕೇಳುತ್ತಿದ್ದರು.

ನೀರು ಕೊಟ್ಟೆವು, ಅಡ್ಡಡ್ಡ ತಲೆಯಾಡಿಸಿದರು. ಹೊದಿಕೆ ಬೇಡ. ಕಿಟಕಿ ತೆರೆದೆವು, ಅದೂ ಅಲ್ಲ. ಮತ್ತೆ ಅದೇ ಎಂಟು ತುಂಡು, ಈ ಸಲ ಜೋರಾಗಿ.

“ಏನ ಬೇಕ್ರೀ ನಿಮಗ? ಕೈ ಮಾಡಿ ತೋರಸ್ರಿ!” ಎಂದು ಖತೀಜಾಬಿ ಅತ್ತರು. ನಾನು ಸರ್ ಅವರ ಬೆರಳು ಹಿಡಿದು ‘ನೀ-ರು’, ‘ಖ-ತೀ-ಜಾ’ ಎಂದು ಗೆಣ್ಣುಗೆಣ್ಣಿಗೆ ಹೇಳಿಕೊಟ್ಟೆ. ಅವರ ಪಾಠ ಅವರಿಗೇ. ಸರ್ ಕೈ ಕಿತ್ತುಕೊಂಡು ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಕಣ್ಣಲ್ಲಿ ನೀರಿತ್ತು.

ತಿಂಗಳೊಪ್ಪತ್ತಿನಲ್ಲಿ ತೀರಿಕೊಂಡರು.

ಖತೀಜಾಬಿ ಈಗಲೂ ಫೋನ್ ಮಾಡುತ್ತಾರೆ. “ನೀ ಓದಿದಾಕಿ. ಆ ಮಾತಿನ ಅರ್ಥ ಏನವ್ವ? ಅವರು ಏನ ಕೇಳಾಕತ್ತಿದ್ರು?”

ಆ ಕಿಣ್ವದ ಅರ್ಥ ನನಗೆ ಬಾಯಿಪಾಠ ಬರುತ್ತದೆ, ಸರ್ ಕೇಳಿದ್ದು ಏನೆಂದು ಮಾತ್ರ ಗೊತ್ತಿಲ್ಲ. ಹೇಳಲು ಹೋದರೆ ಮತ್ತೆ ಉಗ್ಗುತ್ತೇನೆ.