ಸರಪಳಿಯವನಿಗೆ ಎರಡು ಸಾಲು

ಹುಮನಾಬಾದಿನಲ್ಲಿ ಬೈಕ್ ಸೀಟ್ ಹೊಲಿಯುವ ಅಂಗಡಿಯೊಂದರ ಮೇಲಿನ ಕೋಣೆ ನಮ್ಮ ಅಡ್ಡಾ. ಅಲ್ಲಿ ಒಂದು ಹಳೆಯ ಟಿವಿ, ಎರಡು ಕಂಟ್ರೋಲರ್, ಗೋಡೆಗೆ ಅಂಟಿಸಿದ ಒಂದು ಹಾಳೆ. ಹಾಳೆಯ ಮೇಲಿನ ಅಕ್ಷರ ನನ್ನದು. ನಮ್ಮ ಆಟದ ಕಾಯ್ದೆಗಳನ್ನೆಲ್ಲ ಬರೆದವನು ನಾನೇ, ಯಾಕೆಂದರೆ ಬೇರೆ ಯಾರಿಗೂ ಬರೆಯುವ ಹುಚ್ಚು ಇರಲಿಲ್ಲ. ಅದರಲ್ಲಿ ನಾಲ್ಕನೆಯ ಕಾಯ್ದೆಯನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ.

ನಾನು ಬಸವಕಲ್ಯಾಣದವನು. ಹೊಡೆದಾಟದ ಈ ವಿಡಿಯೋ ಗೇಮನ್ನು ನನಗೆ ಯಾರೂ ಕಲಿಸಿಲ್ಲ. ಫೋನಿನಲ್ಲಿ ವಿಡಿಯೋ ನೋಡಿ, ನಿಲ್ಲಿಸಿ, ಮತ್ತೆ ನೋಡಿ ಕಲಿತದ್ದು. ಯಾವ ಏಟು ಬಿದ್ದರೆ ಎದುರಾಳಿ ಎಷ್ಟು ಹೊತ್ತು ಕೈ ಎತ್ತಲಾರ ಅನ್ನುವುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ನಗಬೇಡಿ. ನಾನು ಆಡುವುದು ಕೋಲು ಹಿಡಿದ ಒಬ್ಬ ಮುದುಕನನ್ನು. ಆಟದಲ್ಲಿ ಅವನಷ್ಟು ಬಡಕಲು ಕ್ಯಾರೆಕ್ಟರ್ ಇನ್ನೊಂದಿಲ್ಲ. ಅವನ ಒಂದು ಒಳ್ಳೆಯ ಏಟು ಬೀಳಬೇಕಾದರೆ ಆರು ಬಟನ್ ಸರಿಯಾದ ಹೊತ್ತಿಗೆ ಒತ್ತಬೇಕು. ಅದೇ ನನ್ನ ಹೆಮ್ಮೆ.

ಅದೇ ಆಟದಲ್ಲಿ ಸರಪಳಿ ಬೀಸುವವನೊಬ್ಬ ಇದ್ದಾನೆ. ನಾವು ಅವನನ್ನು ಬರೀ ಸರಪಳಿ ಅನ್ನುತ್ತೇವೆ. ಎರಡು ಬಟನ್ ಒತ್ತಿದರೆ ಸಾಕು, ಸರಪಳಿ ಪರದೆಯ ಆ ತುದಿಗೆ ಹೋಗಿ ಎದುರಿನವನನ್ನು ಕರುವಿನ ಹಾಗೆ ಎಳೆದು ತರುತ್ತದೆ.

ಪ್ರತಿ ಭಾನುವಾರ ಮಧ್ಯಾಹ್ನ ಕಲ್ಯಾಣದಿಂದ ನಾವು ಮೂವರು ಹೋಗುತ್ತಿದ್ದೆವು. ಹುಮನಾಬಾದ್ ಕಡೆಯವರೂ ಮೂವರು. ಅವರಲ್ಲೊಬ್ಬ ಘಾಟಬೋರಾಳದವನು, ನನಗಿಂತ ಎರಡು ಮೂರು ವರ್ಷ ದೊಡ್ಡವನು. ತನ್ನ ತುಂಡು ಹೊಲದ ಕೆಲಸ, ಅದು ಮುಗಿದರೆ ಮಂದಿಯ ಹೊಲದ ಕೂಲಿ. ಭಾನುವಾರ ಟಂಟಂ ಆಟೋ ಹತ್ತಿ ಬಂದು, ಒಂದು ತಾಸು ಆಡಿ, ಟಂಟಂ ಹಿಡಿದೇ ಹೋಗುತ್ತಿದ್ದ. ಆ ಒಂದು ತಾಸೂ ಸರಪಳಿಯೇ. ಒಂದು ಭಾನುವಾರ ನನ್ನ ಮುದುಕನನ್ನು ಅವನು ಸತತ ನಾಲ್ಕನೆಯ ವಾರ ಎಳೆದು ಹಾಕಿದಾಗ ನಾನು ಕಂಟ್ರೋಲರ್ ಕೆಳಗಿಟ್ಟೆ.

"ಇದು ಆಟ ಅಲ್ಲ ಚಾಚಾ. ಇವಾ ಎರಡು ಬಟನ್ ಬಿಟ್ಟು ಮೂರನೇದು ಮುಟ್ಟಂಗೇ ಇಲ್ಲ," ಅಂದೆ. ಚಾಚಾ ಅಂದರೆ ಅಂಗಡಿಯವರು, ಟಿವಿ ಅವರದೇ.

"ನೀ ಆರು ಮುಟ್ಟೀಯಲ್ಲ, ಏನ್ ಸಿಕ್ತು?" ಘಾಟಬೋರಾಳದವನು ನಕ್ಕ.

"ಎಲ್ಲಾರೂ ಸರಪಳೀನೇ ತಗೊಂಡ್ರ ಉಳಿದ ಕ್ಯಾರೆಕ್ಟರ್ ಯಾಕ ಬೇಕು? ಇದನ್ನ ಬ್ಯಾನ್ ಮಾಡ್ಬೇಕು. ದೊಡ್ಡ ಟೂರ್ನಮೆಂಟ್‌ದಾಗ ಹಂಗೇ ಮಾಡ್ತಾರ."

"ಕಲ್ಯಾಣದವರು ಮಾತಿನಾಗ ಗೆಲ್ತೀರಪ್ಪ," ಅಂದ ಹುಮನಾಬಾದಿನ ಇನ್ನೊಬ್ಬ ಗೆಳೆಯ. "ಒಂದಿನ ಟಿವಿದಾಗೂ ಗೆಲ್ರಿ."

ಘಾಟಬೋರಾಳದವನು ಮಾತ್ರ ನಗು ನಿಲ್ಲಿಸಿದ. "ನೋಡ್ ದೋಸ್ತ, ನಿನಗ ದಿನಾ ಟೈಮ್ ಅದ. ನನಗ ವಾರಕ್ಕ ಒಂದ್ ತಾಸು. ಆ ಒಂದ್ ತಾಸಿನಾಗ ಮುದುಕನ್ನ ಕಲ್ತು ನಿನ್ನ ಮುಂದ ಕೂಡ್ಬೇಕಂದ್ರ ಇಪ್ಪತ್ತು ವರ್ಷ ಬೇಕು. ಅಷ್ಟೊತ್ತಿಗಿ ನಾನೇ ಮುದುಕ ಆಗಿರ್ತೀನಿ." ಎಲ್ಲರೂ ನಕ್ಕರು. "ಖರೇ ಹೇಳಾಕತ್ತೀನಿ. ಸರಪಳಿ ತೆಗೆದ್ರ ನನ್ನೂ ತೆಗೆದಂಗ."

ಕೆಳಗೆ ಗಿರಾಕಿ ಕಾಯುತ್ತಿದ್ದರು. ಚಾಚಾ ಕತ್ತರಿ ಹಿಡಿದುಕೊಂಡೇ ತೀರ್ಪು ಕೊಟ್ಟರು. "ಬರೋ ಐತ್ವಾರ ಕೈ ಎತ್ತಿ ಮುಗಿಸ್ರಿ. ಮಾತು ಭಾಳ ಆತು."

ತಪ್ಪಾದದ್ದು ಅಲ್ಲೇ. ಆ ಭಾನುವಾರ ತೊಗರಿ ಕೊಯ್ಲಿನ ನಡು ವಾರ. ನಮ್ಮದು ಟೈಲರ್ ಮನೆ, ಹೊಲವಿಲ್ಲ. ಬಸ್ಸಿನ ಕಿಟಕಿಯಿಂದ ಎರಡೂ ಬದಿ ಮಂದಿ ಬಗ್ಗಿ ಕೊಯ್ಯುವುದು ಕಂಡಿತ್ತು. ಕಂಡರೂ ನನ್ನ ತಲೆಗೆ ಹತ್ತಲಿಲ್ಲ. ಹುಮನಾಬಾದ್ ಕಡೆಯ ಮೂವರಲ್ಲಿ ಇಬ್ಬರು ಹಳ್ಳಿಯವರು, ಇಬ್ಬರೂ ಬಂದಿರಲಿಲ್ಲ. ಮೂರು ಕೈ ಒಂದು ಕಡೆ, ಒಂದು ಕೈ ಒಂದು ಕಡೆ. ಕಾಯ್ದೆ ನಾಲ್ಕು, ಸರಪಳಿ ಆಡುವಂತಿಲ್ಲ. ದಪ್ಪ ಅಕ್ಷರದಲ್ಲಿ ಬರೆದು ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಘಾಟಬೋರಾಳದಿಂದ ಒಂದು ಹೆಬ್ಬೆರಳು ಬಂತು, ಅಷ್ಟೇ.

ಮುಂದಿನ ವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ, ಇನ್ನೊಬ್ಬ ಹಳ್ಳಿಯವನು ಬಂದಿದ್ದರೂ. ನಾನು ಎಲ್ಲರನ್ನೂ ಸೋಲಿಸಿದೆ. ನನ್ನ ಆರು ಬಟನ್ನಿನ ಏಟು ತಪ್ಪಿಸುವುದು ಯಾರಿಗೂ ಗೊತ್ತಿರಲಿಲ್ಲ. ಗೆದ್ದದ್ದಕ್ಕೆ ಒಬ್ಬರೂ ಕೂಗಲಿಲ್ಲ. ಹುಮನಾಬಾದಿನ ಗೆಳೆಯ ಕಂಟ್ರೋಲರನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟು ಕೇಳಿದ, "ಈಗ ನಿನ್ನ ಮುದುಕನ್ನ ಬ್ಯಾನ್ ಮಾಡೂಣೇನು?"

ಆ ಮಾತು ಬಸ್ಸಿನಲ್ಲಿ ನನ್ನ ಜೊತೆ ಕಲ್ಯಾಣದ ತನಕ ಬಂತು.

ಮರುದಿನ ಘಾಟಬೋರಾಳಕ್ಕೆ ಹೋದೆ. ಅವನು ಹೊಲದಲ್ಲಿದ್ದ. ಅವನು, ಅವನ ಅವ್ವ, ಇನ್ನು ನಾಲ್ಕು ಜನ ಸಾಲು ಹಿಡಿದು ತೊಗರಿ ಕೊಯ್ಯುತ್ತಿದ್ದರು. ನಾನು ಹೇಳಬೇಕೆಂದು ಬಂದದ್ದೆಲ್ಲ ಬದುವಿನ ಮೇಲೆ ನಿಂತಾಗ ಮರೆತುಹೋಯಿತು.

"ಟಿವಿ ಆಟದ ದೋಸ್ತ ಏನು?" ಅವ್ವ ಕೇಳಿದರು. "ಬರೇ ನಿಂತ್ರ ತೊಗರಿ ತಾನೇ ಬೀಳ್ತದೇನ್ ತಮ್ಮಾ? ಹಿಡಿ ಕುಡುಗೋಲು."

ಒಂದು ಸಾಲು ಹಿಡಿದೆ. ಸ್ವಲ್ಪ ಹೊತ್ತಿಗೇ ಎಲ್ಲರೂ ಮುಂದೆ, ನಾನೊಬ್ಬನೇ ಹಿಂದೆ. ಅಂಗೈ ಉರಿಯುತ್ತಿತ್ತು.

"ಇವಾ ನೋಟ್‌ಬುಕ್ ನೋಡಿ ಕೊಯ್ಯಾಕತ್ತಾನ," ಮುಂದೆ ಹೋಗಿದ್ದ ಘಾಟಬೋರಾಳದ ಗೆಳೆಯ ಕೂಗಿದ. ನೋಡಿದರೆ ಅವನ ಎಡಕ್ಕೊಂದು, ಬಲಕ್ಕೊಂದು ಸಾಲು. ಎರಡನ್ನೂ ಒಬ್ಬನೇ ಕೊಯ್ಯುತ್ತಿದ್ದ.

"ಅವ್ವಾ, ನಾ ಬಿಡ್ತೀನ್ರಿ. ನನ್ನಿಂದ ನಿಮ್ಮ ಕೆಲಸ ನಿಲ್ತದ," ಅಂದೆ.

"ಯಾಕ ಬಿಡ್ತಿ? ಕೈ ಜೋರ್ ಇದ್ದಾವಗ ಎರಡು ಸಾಲು, ಇಲ್ದಾವಗ ಒಂದು. ನಮ್ಮಲ್ಲಿ ಮೊದಲಿಂದ ಹಿಂಗೇ ಕೊಡೋದು. ಎಲ್ಲಾರೂ ಕೂಡೇ ಆ ಬದುವಿಗಿ ಮುಟ್ಟಬೇಕು. ರೊಟ್ಟಿ ಬುಟ್ಟಿ ಅಲ್ಲೇ ಅದ."

ಮುಟ್ಟಿದೆವು, ಹೆಚ್ಚು ಕಡಿಮೆ ಕೂಡಿಯೇ. ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಅರ್ಧ ರೊಟ್ಟಿ ತಿಂದ ಮೇಲೆ ನನಗೆ ಬಾಯಿ ಬಂತು.

"ನೀ ಇಲ್ದಾಗ ಕೈ ಎತ್ತಿಸಿದ್ದು ನನ್ನದು ತಪ್ಪು," ಅಂದೆ. ಅವನು ಉಳ್ಳಾಗಡ್ಡಿ ಕಡಿದ. "ಸರಪಳಿಗೂ ಎರಡು ಸಾಲು ಕೊಟ್ರ ಹ್ಯಾಂಗ? ನಾವು ಎರಡು ರೌಂಡ್ ಗೆದ್ರ ಆಟ ನಮ್ಮದು. ಸರಪಳಿ ಹಿಡಿದಾವ ಮೂರು ಗೆಲ್ಲಬೇಕು."

ಅವನು ಯೋಚಿಸಿದ. "ಮೂರು ನಡೀತದ. ಮತ್ತ ನಿನ್ನ ಮುದುಕಗ?"

"ಮುದುಕಗ ಯಾಕ? ಅವಾ ಬಡಕಲು."

"ನೀ ಹಿಡಿದ್ರ ಬಡಕಲು ಏನು? ಜೋರ್ ಅನ್ನೋದು ಕ್ಯಾರೆಕ್ಟರ್‌ದಾಗ ಇರ್ತದೋ, ಕೈಯಾಗ ಇರ್ತದೋ?"

ಎಲ್ಲರೂ ಒಂದೇ ಕ್ಯಾರೆಕ್ಟರ್ ಹಿಡಿದರೆ ಆಟ ಸಾಯುತ್ತದೆ ಅನ್ನುವ ಮಾತನ್ನು ನಾನು ಈಗಲೂ ಬಿಟ್ಟಿಲ್ಲ. ಆದರೆ ದಿನವೂ ವಿಡಿಯೋ ನೋಡಿ ಕಲಿಯುವ ನನ್ನ ಬಿಡುವನ್ನು ಯಾವ ಕಾಯ್ದೆಯಲ್ಲೂ ಲೆಕ್ಕಕ್ಕೆ ಹಿಡಿದಿರಲಿಲ್ಲವಲ್ಲ, ಅದು ಆ ಬದುವಿನ ಮೇಲೆ ಮೊದಲ ಸಲ ಹೊಳೆಯಿತು.

ಕೊಯ್ಲು ಮುಗಿದ ಮೇಲೆ ಆರೂ ಜನ ಸೇರಿ ಮತ್ತೆ ಕೈ ಎತ್ತಿದೆವು. "ಇದೇನ್ ಹೊಲ ಏನೋ?" ಅಂತ ಕಲ್ಯಾಣದ ಗೆಳೆಯರಿಬ್ಬರೂ ರೇಗಿದರು, ಕೈ ಎತ್ತಲಿಲ್ಲ. ಉಳಿದ ನಾಲ್ಕು ಕೈ ಎದ್ದವು. ನಾನು ಹಳೆಯ ಸಾಲಿಗೆ ಗೀಟು ಹೊಡೆದು ಕೆಳಗೆ ಹೊಸದನ್ನು ಬರೆದೆ: ಸರಪಳಿ ಹಿಡಿದವನು ಮೂರು ರೌಂಡ್ ಗೆಲ್ಲಬೇಕು.

ಮೊದಲ ಆಟ ನಮ್ಮಿಬ್ಬರದೇ. ಸರಪಳಿ ನನ್ನನ್ನು ಎರಡು ರೌಂಡ್ ಎಳೆದು ಹಾಕಿತು. ಹಳೆಯ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಬೇಕಿತ್ತು. ಮೂರನೆಯದರಲ್ಲಿ ಸರಪಳಿ ಬರುವ ಮುನ್ನ ಪರದೆಯ ಮೇಲೆ ಆ ಸರಪಳಿಯವನ ಭುಜ ಸ್ವಲ್ಪ ಕುಗ್ಗುವುದು ಕಾಣಿಸಿತು. ಇಷ್ಟು ವಾರ ಬೈಯುವುದರಲ್ಲೇ ಇದ್ದೆ, ಅದನ್ನು ನೋಡಿಯೇ ಇರಲಿಲ್ಲ. ಹಾರಿದೆ, ಹೊಡೆದೆ, ಆ ರೌಂಡ್ ನನ್ನದಾಯಿತು. ನಾಲ್ಕನೆಯದೂ ಕೂದಲೆಳೆ ಅಂತರದಲ್ಲಿ ನನ್ನದೇ, ಅಲ್ಲಿಗೆ ಆಟವೂ.

"ಅಬೇ, ನನ್ನ ಎರಡನೇ ಸಾಲು ನಿಂದರಿಸಿಬಿಟ್ಟಿ," ಅಂದ ಅವನು. ಎದ್ದು ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ. ಟಂಟಂ ನಿಂತಿತ್ತು, ಒಳಗೆ ಇಬ್ಬರೇ ಕೂತಿದ್ದರು. ತುಂಬದೆ ಅದು ಹೊರಡುವುದಿಲ್ಲ.

"ಕೂಡು, ಇನ್ನೊಂದ್ ಆಗ್ತದ," ಅಂದು ಅವನು ಮತ್ತೆ ಸರಪಳಿಯನ್ನೇ ಆರಿಸಿದ.