ಎರಡು ಕ್ಷೌರದ ಬೆಲೆ

ಯಾವ ದೇಶದಲ್ಲಿ ಆಟಕ್ಕೆ ಎಷ್ಟು ಬೆಲೆ ಇಡೋಣ ಎಂದು ಕೇಳಿದರೆ, ಚೀಟಿಯತ್ತೆ ಮೊದಲು ಆ ದೇಶದ ಕ್ಷೌರದಂಗಡಿಯನ್ನು ಹುಡುಕುತ್ತಿದ್ದಳು.

“ಅನ್ನ ಒಬ್ಬ ಕಮ್ಮಿ ತಿಂತಾನೆ, ಒಬ್ಬ ಜಾಸ್ತಿ ತಿಂತಾನೆ. ಬಟ್ಟೆ ಹಳೇದನ್ನೇ ಇನ್ನೊಂದು ವರ್ಷ ಹಾಕ್ಕೋಬಹುದು. ಕೂದಲು ಮಾತ್ರ ಬಡವನಿಗೂ ಸಾಹುಕಾರನಿಗೂ ತಿಂಗಳಿಗೆ ಅಷ್ಟೇ ಬೆಳೆಯೋದು,” ಎನ್ನುವುದು ಅವಳ ವಾದ. ಒಂದು ಊರಿನ ಜನ ಒಂದು ಸಲ ಕೂದಲು ಕತ್ತರಿಸಿಕೊಳ್ಳಲು ಎಷ್ಟು ಕೊಡುತ್ತಾರೋ, ಅದರ ಎರಡರಷ್ಟನ್ನು ಆಟಕ್ಕೂ ಕೊಡಬಲ್ಲರು. ಎಲ್ಲ ದೇಶಕ್ಕೂ ಒಂದೇ ಅಳತೆ: ಎರಡು ಕ್ಷೌರ.

ಅವಳು ಕೆಲಸ ಮಾಡುತ್ತಿದ್ದದ್ದು ಅಣ್ಣನ ಮಗಳ ಹತ್ತಿರ. ದರ್ಜಿಯ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಐದು ಜನ ಕೂತು, ನಾಲ್ಕು ವರ್ಷದಿಂದ ಒಂದೇ ಒಂದು ಕಂಪ್ಯೂಟರ್ ಆಟ ಕಟ್ಟುತ್ತಿದ್ದರು. ಅದರ ಹೆಸರು ‘ಮಡಿಸಿದ ನದಿ’. ಆಡುವವರೆಲ್ಲ ಮಂಜಿನ ಸೀಮೆಯ ಪಾಳೆಯಗಾರರು. ಸೈನ್ಯವನ್ನು ಜೇಡಿಮಣ್ಣಿನಲ್ಲಿ ಮಾಡಿ ಬಿಸಿಲಿಗೆ ಒಣಗಿಸಬೇಕು. ಕೋಟೆಗಳಿಗೆ ಕಾಲುಗಳಿವೆ, ನಡೆದು ನಡೆದು ನಿದ್ದೆ ಬಂದಲ್ಲಿ ಕೂತುಬಿಡುತ್ತವೆ. ಶತ್ರು ಬರುವ ದಾರಿಗೆ ಅಡ್ಡವಾಗಿ ಒಂದು ನದಿಯನ್ನು ಹಾಸಬಹುದು, ಬೇಡವೆಂದಾಗ ಹೊದಿಕೆಯ ಹಾಗೆ ಮಡಿಸಿ ಎತ್ತಿಡಬಹುದು. ಮಡಿಸುವಾಗ ಮೀನುಗಳು ಒಳಗೇ ಮಲಗುತ್ತವೆ.

ಚೀಟಿಯತ್ತೆ ಎಂಬ ಹೆಸರು ಹಳೆಯ ಕೆಲಸದಿಂದ ಬಂದದ್ದು. ಇಪ್ಪತ್ತೆರಡು ವರ್ಷ ಅವಳು ಒಂದು ದೊಡ್ಡ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ ಕೂತು ಬೆಲೆಯ ಚೀಟಿ ಬರೆದಿದ್ದಳು. ಓದಿದ್ದು ಏಳನೆಯ ತರಗತಿ, ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ. ನೆಲಮಾಳಿಗೆಗೆ ಇದ್ದದ್ದು ಸೂರಿನ ಹತ್ತಿರ ಒಂದು ಗೇಣಗಲದ ಜಾಲರಿ. ಅದರಲ್ಲಿ ಬೀದಿಯ ಜನರ ಪಾದಗಳಷ್ಟೇ ಕಾಣುತ್ತಿದ್ದವು. ಸವೆದ ಹಿಮ್ಮಡಿ ನೋಡಿ ಅವಳು ಮುಖ ಕಲ್ಪಿಸಿಕೊಳ್ಳುತ್ತಿದ್ದಳು. ಮುಖದಿಂದ ಮನೆ, ಮನೆಯಿಂದ ಸಂಸಾರ. ಒಂದು ಚೀಟಿ ಬರೆದು ಮುಗಿಯುವಷ್ಟರಲ್ಲಿ ಒಬ್ಬರ ಬದುಕೇ ಅವಳ ತಲೆಯಲ್ಲಿ ಹರಿದು ಹೋಗಿರುತ್ತಿತ್ತು. ಕೊನೆಗೆ ಚೀಟಿ ಮುದ್ರಿಸುವ ಯಂತ್ರ ಬಂತು, ಅಂಗಡಿಯವರು ಕೈಮುಗಿದು ಕಳಿಸಿಕೊಟ್ಟರು.

ಒಂದು ತಿಂಗಳು ಕಳೆದ ಮೇಲೆ ಅಣ್ಣನ ಮಗಳು ಮನೆಗೆ ಬಂದಳು. ಮಗುವಾಗಿದ್ದಾಗ ಇವಳ ಮಡಿಲಲ್ಲೇ ಬೆಳೆದ ಹುಡುಗಿ, ಸಲಿಗೆ ಹೆಚ್ಚು.

“ಅತ್ತೆ, ಗೋಡೆ ನೋಡ್ಕೊಂಡು ಎಷ್ಟು ದಿನ ಕೂರ್ತೀಯ? ನಮ್ಮಲ್ಲಿ ಅರವತ್ತು ದೇಶಕ್ಕೆ ಬೆಲೆ ಬರೀಬೇಕು. ಬರ್ತೀಯಾ?”

“ಆಟಕ್ಕೂ ಚೀಟಿ ಅಂಟಿಸ್ತಾರೇನೇ?”

“ಅಂಟಿಸಲ್ಲ. ಆದ್ರೆ ಒಂದೊಂದು ದೇಶಕ್ಕೂ ಒಂದೊಂದು ಬೆಲೆ.”

“ಒಂದೇ ಮಾಲಿಗಾ? ನಮ್ಮ ಸಾಹುಕಾರ ಹೀಗೆ ಮಾಡಿದ್ದಿದ್ರೆ ಗಿರಾಕಿಗಳು ಅವನ ಚರ್ಮ ಸುಲೀತಿದ್ರು!”

“ಒಂದು ಊರಲ್ಲಿ ಅರ್ಧ ದಿನದ ಸಂಬಳ ಇನ್ನೊಂದು ಊರಲ್ಲಿ ಅರ್ಧ ತಿಂಗಳದ್ದು, ಅತ್ತೆ. ಜೇಬು ನೋಡಿ ಬೆಲೆ ಇಡಬೇಕು. ಮಾಲು ಖರ್ಚಾಗೋದಿಲ್ಲ, ಎಷ್ಟು ಕೊಟ್ರೂ ಅಷ್ಟೇ ಇರತ್ತೆ.”

ಎಷ್ಟು ಕೊಟ್ಟರೂ ಅಷ್ಟೇ ಇರುವ ಮಾಲು! ಚೀಟಿಯತ್ತೆಗೆ ಆ ಮಾತು ತುಂಬ ಹಿಡಿಸಿತು. ಮರುದಿನವೇ ಕೆಲಸಕ್ಕೆ ಹೋದಳು.

ಆಟವನ್ನು ಮಾರುವ ಜಾಲತಾಣದವರು ದೇಶವಾರು ಬೆಲೆಯ ಪಟ್ಟಿಯೊಂದನ್ನು ಕೊಟ್ಟಿದ್ದರು. ಅವಳಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಇಂಟರ್‌ನೆಟ್ಟಿನ ನಕ್ಷೆಯಲ್ಲಿ ಒಂದೊಂದು ದೇಶದ ಒಂದೊಂದು ಕ್ಷೌರದಂಗಡಿ ಹುಡುಕಿ, ತನ್ನ ಮಾತಿನಲ್ಲೇ ಪತ್ರ ಬರೆಯುತ್ತಿದ್ದಳು. ಕಂಪ್ಯೂಟರ್ ಅದನ್ನು ಅಲ್ಲಿಯವರ ಭಾಷೆಗೆ ತಿರುಗಿಸಿ ಕಳಿಸುತ್ತಿತ್ತು. ಉತ್ತರಗಳು ಬಂದವು. ಒಬ್ಬ ಬೆಲೆಯ ಜೊತೆ ತನ್ನ ಮಂಡಿನೋವನ್ನೂ ಬರೆದ. ಒಬ್ಬಳು, ನಿಮ್ಮ ಕೂದಲು ಎಂಥದು, ಫೋಟೊ ಕಳಿಸಿ ಎಂದಳು. ದಿನ ಹೋದಂತೆ ಅತ್ತೆಯ ಕಣ್ಣಿಗೆ ಪ್ರಪಂಚವೇ ಒಂದು ಉದ್ದನೆಯ ಬೀದಿಯಾಯಿತು. ಎರಡೂ ಕಡೆ ಕ್ಷೌರದಂಗಡಿಗಳು, ಕನ್ನಡಿಗೆದುರು ಕನ್ನಡಿ. ಒಂದು ಕನ್ನಡಿಯಲ್ಲಿ ಬೆಳಕು ಹರಿಯುವಾಗ ಮುಂದಿನದರಲ್ಲಿ ಹೊತ್ತು ಮುಳುಗುತ್ತಿತ್ತು, ಅದರಾಚೆಯದರಲ್ಲಿ ಹಿಮ ಬೀಳುತ್ತಿತ್ತು.

ಕಡಲ ನಡುವಿನ ಒಂದು ಪುಟ್ಟ ದೇಶದಲ್ಲಿ ಅವಳಿಗೆ ಸಿಕ್ಕಿದ್ದು ನೀಲಿ ಬಾಗಿಲ ಅಂಗಡಿ. ಅಲ್ಲಿಯ ಮುದುಕ ಚೆನ್ನಾಗಿ ಪತ್ರ ಬರೆಯುತ್ತಿದ್ದ. ಕನ್ನಡಿಯ ಮೇಲೆ ಹಕ್ಕಿ ಗೂಡು ಕಟ್ಟಿದೆ, ಅದಕ್ಕೇ ಬಾಗಿಲು ಹಾಕುವುದಿಲ್ಲ. ಅದು ಗಿರಾಕಿಯ ಕೂದಲನ್ನೇ ಕಚ್ಚಿಕೊಂಡು ಹೋಗಿ ಗೂಡಿಗೆ ಮೆತ್ತನೆ ಹಾಸುತ್ತದೆ ಎಂದೆಲ್ಲ ಬರೆದಿದ್ದ. ಕ್ಷೌರಕ್ಕೆ ಎಂಟು ನಾಣ್ಯ ಎಂದಿದ್ದ. ಅತ್ತೆ ಆಟಕ್ಕೆ ಹದಿನಾರು ನಾಣ್ಯ ಬರೆದಳು.

“ಪಟ್ಟಿ ತೊಂಬತ್ತು ಅನ್ನತ್ತೆ ಅತ್ತೆ,” ಎಂದಳು ಅಣ್ಣನ ಮಗಳು.

“ಪಟ್ಟಿ ಯಾವತ್ತಾದ್ರೂ ಯಾರ ಕೂದಲಾದ್ರೂ ಕತ್ತರಿಸಿದ್ಯಾ?”

ಆಟಕ್ಕೆ ಚಿತ್ರ ಬರೆಯುವ ಹುಡುಗಿ ಕೈಯ ಕುಂಚ ಕೆಳಗಿಟ್ಟು ನಕ್ಕಳು. ಎಲ್ಲರೂ ನಕ್ಕರು. ಹದಿನಾರೇ ಉಳಿಯಿತು.

ಆಟ ಬಿಡುಗಡೆಯಾಗಲು ಆರು ವಾರ ಇರುವಾಗ ಮುಂಗಡ ಬುಕಿಂಗ್ ತೆರೆದರು. ಮೊದಲ ವಾರ ಎಲ್ಲ ದೇಶದಿಂದಲೂ ಹನಿ ಹನಿಯಾಗಿ ಬಂತು. ಆ ಪುಟ್ಟ ದೇಶದಿಂದ ಮಾತ್ರ ಕಟ್ಟೆ ಒಡೆದ ಹಾಗೆ. ಹತ್ತು ದಿನದಲ್ಲಿ ನಾಲ್ಕು ಸಾವಿರದ ಮುನ್ನೂರು ಜನ! “ಅತ್ತೆ, ಅಲ್ಲಿ ಹಡಗಿನ ಮೇಲಿರೋರೂ ನಮ್ಮ ಆಟ ತಗೊಂಡ್ರೇನೋ,” ಎಂದು ಚಿತ್ರದ ಹುಡುಗಿ ಕುಣಿದಳು.

ಕುಣಿತ ಎರಡು ದಿನವೂ ಬಾಳಲಿಲ್ಲ. ಅಲ್ಲಿಯ ಅಗ್ಗದ ಬೆಲೆಯ ಸುದ್ದಿ ಉಳಿದ ದೇಶಗಳಿಗೆ ಹಬ್ಬಿತು. ಪಕ್ಕದ ದೇಶದವರು ಐದಾರು ಪಟ್ಟು ಕೊಟ್ಟಿದ್ದರು. ನಾವೇನು ಪೆದ್ದರೇ, ನಮ್ಮ ಜೇಬಿನಲ್ಲೇನು ಹಣದ ಹೊಳೆ ಹರಿಯುತ್ತದೆಯೇ ಎಂದು ಬಯ್ದು ಬರೆದರು. ಬುಕಿಂಗ್ ರದ್ದು ಮಾಡತೊಡಗಿದರು. ಆಮೇಲೆ ತಾಣದವರ ಪತ್ರವೂ ಬಂತು: ಮೂರು ದಿನದೊಳಗೆ ಆ ದೇಶದ ಬುಕಿಂಗುಗಳನ್ನೆಲ್ಲ ರದ್ದು ಮಾಡಿ, ಹಣ ಹಿಂತಿರುಗಿಸಿ, ಸರಿಯಾದ ಬೆಲೆಗೆ ಮತ್ತೆ ತೆರೆಯಿರಿ, ಇಲ್ಲವಾದರೆ ಬಿಡುಗಡೆಯ ದಿನ ಮೊದಲ ಪುಟದಲ್ಲಿ ನಿಮ್ಮ ಆಟ ಇರುವುದಿಲ್ಲ. ಮೊದಲ ಪುಟವೆಂದರೆ ಏನೆಂದು ಚೀಟಿಯತ್ತೆಗೆ ಯಾರೂ ಹೇಳಬೇಕಾಗಿರಲಿಲ್ಲ. ಅದು ಬೀದಿಗೆ ಕಾಣುವ ಗಾಜಿನ ಕಪಾಟು. ಅಲ್ಲಿಲ್ಲದ ಬಟ್ಟೆಯನ್ನು ಯಾರೂ ಒಳಗೆ ಬಂದು ಕೇಳುವುದಿಲ್ಲ. ನಾಲ್ಕು ವರ್ಷದ ದುಡಿಮೆ, ಐದು ಜನರ ಅನ್ನ, ಎಲ್ಲ ಆ ಕಪಾಟಿನಲ್ಲಿತ್ತು.

ಅತ್ತೆ ನೀಲಿ ಬಾಗಿಲಿನ ಮುದುಕನಿಗೆ ಬರೆದಳು: ನಿಮ್ಮೂರಲ್ಲಿ ಎಲ್ಲರೂ ಎಂಟೇ ನಾಣ್ಯ ತಗೊಳ್ತಾರಾ?

ಉತ್ತರ ಸಂಜೆಯೊಳಗೆ ಬಂತು. ಅಣ್ಣನ ಮಗಳೇ ಗಟ್ಟಿಯಾಗಿ ಓದಿದಳು.

“ಇಲ್ಲಮ್ಮ. ಉಳಿದವರು ನಲವತ್ತು, ನಲವತ್ತೈದು ತಗೊಳ್ತಾರೆ. ನನ್ನ ಬೋರ್ಡಿನ ಮೇಲೆ ಎಂಟು ಅಂತ ಬರೆದಿದೆ. ಊರಲ್ಲಿ ಬೋರ್ಡ್ ಬರೆಯೋನು ಒಬ್ಬನೇ, ನನ್ನ ಭಾಮೈದ. ಅವನಿಗೂ ನನಗೂ ಹತ್ತೊಂಬತ್ತು ವರ್ಷದಿಂದ ಮಾತಿಲ್ಲ, ಹಳೇ ಬೆಲೆ ತಿದ್ದಿಸೋದು ಹೇಗೆ? ಬೋರ್ಡಲ್ಲಿ ಒಂದು, ಬಾಯಲ್ಲಿ ಒಂದು ಹೇಳೋಕೆ ನನಗೆ ಬರಲ್ಲ. ನೀವು ನನ್ನ ಬೆಲೆ ಕೇಳಿದ್ರಿ, ನನ್ನ ಬೆಲೆ ಹೇಳಿದೆ.”

ಓದಿ ಮುಗಿಸಿ ಅಣ್ಣನ ಮಗಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. “ಯಾರೋ ಭಾವ ಭಾಮೈದರ ಜಗಳಕ್ಕೆ ನನ್ನ ನಾಲ್ಕು ವರ್ಷ! ಅರವತ್ತು ದೇಶದಲ್ಲಿ ಒಬ್ಬೊಬ್ಬನನ್ನೇ ಕೇಳಿ ಬೆಲೆ ಕಟ್ಟಿದ್ಯಾ ಅತ್ತೆ? ಇನ್ನೊಬ್ಬನನ್ನ ಕೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಒಂದು ಪಾದ ನೋಡಿ ಒಂದು ಸಂಸಾರ ಕಟ್ಟಿದವಳು, ಒಂದು ಬಾಗಿಲು ನೋಡಿ ಒಂದು ದೇಶ ಕಟ್ಟಿದ್ದಳು. “ತಪ್ಪು ನಂದೇ,” ಎಂದಳು ಚೀಟಿಯತ್ತೆ. “ಇನ್ಮೇಲೆ ಬರೋರಿಗೆ ತೊಂಬತ್ತೇ ಬರಿ. ಆದ್ರೆ ತಗೊಂಡವರ ಕೈಯಿಂದ ಕಿತ್ಕೋಬಾರ್ದು ಮಗಳೇ.”

“ತಾಣದವರೇ ಹೇಳಿದ್ದಾರೆ, ರದ್ದು ಮಾಡಬಹುದು ಅಂತ.”

“ಮಾಡಬಹುದು. ಒಂದ್ಸಲ ನಾನು ಒಂದು ಶಾಲಿಗೆ ಒಂದು ಸೊನ್ನೆ ಬಿಟ್ಟು ಬರೆದಿದ್ದೆ. ಗಿರಾಕಿ ಕೈಗೆ ಎತ್ಕೊಂಡಿದ್ಲು. ನಮ್ಮ ಸಾಹುಕಾರ ಮಹಾ ಜುಗ್ಗ, ಅವನೂ ಅದೇ ಬೆಲೆಗೆ ಕೊಟ್ಟು ಕಳಿಸಿದ. ಕಪಾಟಲ್ಲಿರೋ ಚೀಟಿ ತಿದ್ದು, ಗಿರಾಕಿ ಕೈಲಿರೋ ಚೀಟಿ ನಿಂದಲ್ಲ ಅಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ.”

“ಊರಿಗೆ ಉಪಕಾರಿ, ಮನೆಗೆ ಮಾರಿ! ಮಾಲು ಮುಗಿಯಲ್ಲ ನಿಜ, ಅತ್ತೆ. ಮುಗಿಯೋದು ಬಾಡಿಗೆ ದುಡ್ಡು, ಇವರ ಸಂಬಳ.” ಅವಳು ಚೀಲ ಹೆಗಲಿಗೇರಿಸಿದಳು. “ಬೆಲೆ ಬರೆಯೋ ಪುಟ ನಿನ್ನ ಹತ್ರಾನೇ ಇದೆ. ನನ್ನ ಕೈಲಿ ನಿನ್ನ ಮಾತು ಅಳಿಸೋಕಾಗಲ್ಲ. ರದ್ದಿನ ಗುಂಡಿ ಒತ್ತೋದಾದ್ರೆ ನೀನೇ ಒತ್ತು.”

ಮರುದಿನ ರಜೆ. ಮಧ್ಯಾಹ್ನ ಅತ್ತೆ ಒಬ್ಬಳೇ ಮೆಟ್ಟಿಲು ಹತ್ತಿ ಬಂದು ಕಂಪ್ಯೂಟರ್ ತೆರೆದಳು. ‘ಎಲ್ಲವನ್ನೂ ರದ್ದುಗೊಳಿಸಿ’ ಎಂಬ ಗುಂಡಿ ಪರದೆಯ ಮೂಲೆಯಲ್ಲಿ ಕೆಂಪಗೆ ಕೂತಿತ್ತು. ಅದರ ಕೆಳಗೆ ಹೆಸರುಗಳ ಪಟ್ಟಿ. ಆ ಲಿಪಿ ಅವಳಿಗೆ ಬಾರದು. ಕೆಲವು ಹೆಸರು ಉದ್ದ, ಕೆಲವು ಗಿಡ್ಡ. ಕೆಲವಕ್ಕೆ ಮೇಲೆ ಚುಕ್ಕೆ, ಕೆಲವಕ್ಕೆ ಬಾಲ. ಅವಳು ಒಂದೊಂದನ್ನೂ ನೋಡುತ್ತ ಹೋದಳು. ಈ ಬಾಲದವಳು ಮೀನಿನ ಬಲೆ ಹೊಲಿಯುವವಳಿರಬೇಕು. ಈ ಚುಕ್ಕೆಯವನು ಶಾಲೆಯಲ್ಲಿ ಗಂಟೆ ಹೊಡೆಯುವವನು.

ಹೆಸರು ನೋಡುತ್ತಲೇ ಆಟವನ್ನೂ ತೆರೆದಳು. ಬೆಲೆ ಬರೆದಿದ್ದಳೇ ಹೊರತು ಒಂದು ದಿನವೂ ಆಡಿರಲಿಲ್ಲ. ಪರದೆಯ ತುಂಬ ಮಂಜು. ಅದರೊಳಗಿಂದ ಅವಳ ಕೋಟೆ ಮೆಲ್ಲಗೆ ಎದ್ದು, ಮುದಿ ಎತ್ತಿನಂತೆ ತೂಗುತ್ತ ನಡೆಯಿತು. ಅತ್ತೆ ಮಡಿಲಿನಿಂದ ನದಿಯೊಂದನ್ನು ತೆಗೆದು ಹಾಸಿದಳು. ಮಡಿಕೆ ಬಿಚ್ಚಿದಲ್ಲೆಲ್ಲ ನೀರು ನಿದ್ದೆಯಿಂದ ಎದ್ದಂತೆ ಮೈಮುರಿಯಿತು. ಕಿಟಕಿಯ ಬಿಸಿಲು ಕೆನ್ನೆಗೆ ಬಿದ್ದಿತ್ತು, ಕೆಳಗೆ ದರ್ಜಿಯ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಅವಳಿಗೆ ಜೋಂಪು ಹತ್ತಿತೋ, ಮಂಜೇ ಪರದೆ ದಾಟಿ ಬಂತೋ. ನದಿಯ ದಡದಲ್ಲಿ ಸಾಲಾಗಿ ಕುರ್ಚಿಗಳಿದ್ದವು. ಒಂದೊಂದರಲ್ಲೂ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡ ಒಬ್ಬೊಬ್ಬರು, ಕಣ್ಣು ಮುಚ್ಚಿ, ತಲೆ ಒಪ್ಪಿಸಿ ಕೂತಿದ್ದರು. ಯಾರ ಕೈಯಲ್ಲಿ ಕತ್ತರಿ ಇದೆಯೆಂದು ಅವರಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಯಂತ್ರ ನಿಂತಿತು. ಅತ್ತೆ ಕಣ್ಣು ತೆರೆದಳು. ಹೊಸಬರಿಗೆ ತೊಂಬತ್ತು ಎಂದು ಬರೆದಳು. ಕೆಂಪು ಗುಂಡಿಯನ್ನು ಮುಟ್ಟಲಿಲ್ಲ. ತಾಣದವರಿಗೆ ಮೂರು ಸಾಲು ಬರೆದಳು: ‘ಬೆಲೆ ಬರೆದವಳು ನಾನು. ತಪ್ಪು ನನ್ನದು, ಮುಂದಕ್ಕೆ ತಿದ್ದಿದ್ದೇನೆ. ಕೊಂಡವರದು ಕೊಂಡವರದೇ.’

ತಾಣದವರು ಹೇಳಿದಂತೆಯೇ ಮಾಡಿದರು. ಮೊದಲ ಪುಟ ಹೋಯಿತು. ಅಣ್ಣನ ಮಗಳು ಬಯ್ಯಲಿಲ್ಲ, ಮಾತೂ ಆಡಲಿಲ್ಲ. ಬೇಕಾದ್ದನ್ನು ಗಾಳಿಗೆ ಹೇಳಿದಂತೆ ಹೇಳುತ್ತಿದ್ದಳು: “ಇವತ್ತಿನ ಪತ್ರಗಳಿಗೆ ಉತ್ತರ ಹೋಗಬೇಕು.” ಬಾಡಿಗೆ ಉಳಿಸಲು ಎರಡು ಕೋಣೆಗಳಲ್ಲಿ ಒಂದನ್ನು ಬಿಟ್ಟುಕೊಟ್ಟರು. ಐದು ಮೇಜುಗಳನ್ನು ಒಂದೇ ಕೋಣೆಗೆ ಹೊತ್ತು ತಂದಾಗ ಚಿತ್ರದ ಹುಡುಗಿಯ ಮೊಣಕೈ ಎಲ್ಲರ ಪಕ್ಕೆಗೂ ತಾಗುತ್ತಿತ್ತು. “ಪರವಾಗಿಲ್ಲ ಅತ್ತೆ, ಈಗ ಯಾರಾದ್ರೂ ಸೀನಿದ್ರೆ ಐದೂ ಜನ ಒಟ್ಟಿಗೇ ಮೂಗು ಒರೆಸ್ಕೋಬಹುದು,” ಎಂದಳು. ಅತ್ತೆಯ ಸ್ಟೂಲಿಗೆ ಬಾಗಿಲ ಹಿಂದೆ ಜಾಗ ಸಿಕ್ಕಿತು. ಪ್ರತಿಯೊಂದು ದೇಶಕ್ಕೂ ಇನ್ನಿಬ್ಬರು ಕ್ಷೌರಿಕರನ್ನು ಹುಡುಕಿ ಬೆಲೆ ತಾಳೆ ನೋಡುತ್ತ ಅವಳು ಅಲ್ಲೇ ಕೂತಳು. ಇನ್ನೆರಡು ದೇಶದ ಬೆಲೆ ತಪ್ಪಿತ್ತು. ಒಂದು ಹೆಚ್ಚು, ಒಂದು ಕಡಿಮೆ. ಹೆಚ್ಚು ಕೊಟ್ಟವರಿಗೆ ಹಣ ಹಿಂದಕ್ಕೆ ಹೋಯಿತು.

ಬಿಡುಗಡೆಯ ದಿನ ಹನ್ನೆರಡು ಗಂಟೆಗೆ ಆಟ ತೆರೆಯಿತು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಪ್ರಪಂಚದ ಕಪ್ಪು ನಕ್ಷೆ. ಎಲ್ಲಿ ಯಾರು ಆಡಲು ಕೂತರೂ ಅಲ್ಲಿ ಒಂದು ದೀಪ ಹತ್ತುವ ಹಾಗೆ ಮಾಡಿದ್ದರು. ದೊಡ್ಡ ದೊಡ್ಡ ದೇಶಗಳಲ್ಲಿ ಅಲ್ಲೊಂದು ಇಲ್ಲೊಂದು, ದಾರಿ ತಪ್ಪಿದ ಮಿಂಚುಹುಳದಂತೆ ಹೊಳೆದವು. ಅವರು ಆಸೆಪಟ್ಟದ್ದರ ಕಾಲುಭಾಗವೂ ಇರಲಿಲ್ಲ. ಮೌನಿ ಎಂದು ಎಲ್ಲರೂ ಕರೆಯುವ ಪ್ರೋಗ್ರಾಂ ಬರೆಯುವವನು ಮೆಲ್ಲಗೆ, “ಈ ದುಡ್ಡಲ್ಲಿ ಮೂರು ತಿಂಗಳು ನಡೆಯುತ್ತೆ. ಹೆಚ್ಚಂದ್ರೆ ನಾಲ್ಕು,” ಎಂದ. ಇಡೀ ವಾರದಲ್ಲಿ ಅವನಾಡಿದ ಮಾತು ಅಷ್ಟೇ.

ಆಗ ಕಡಲ ನಡುವೆ ಬೆಳಕು ಕಾಣಿಸಿತು. ಒಂದಲ್ಲ, ಹತ್ತಲ್ಲ. ಕಡಲಂಚಿನಿಂದ ಒಳಗೆ, ಬೀದಿ ಬೀದಿಯಾಗಿ, ಯಾರೋ ಕಡ್ಡಿ ಗೀರಿ ಮನೆಮನೆಗೂ ಹಂಚುತ್ತ ಹೋದಂತೆ. ನಕ್ಷೆಯ ಮೇಲೆ ಹೆಬ್ಬೆರಳಿನಷ್ಟಿದ್ದ ಆ ದೇಶ ತುಂಬಿ, ದೀಪಕ್ಕೆ ದೀಪ ಅಂಟಿ, ದೀಪಗಳು ನೀರಿನ ಮೇಲೂ ಚೆಲ್ಲಿದವು. ಹಡಗಿನ ಮೇಲಿನವರೂ ನಿಜಕ್ಕೂ ಆಡುತ್ತಿದ್ದರು. ಚಿತ್ರದ ಹುಡುಗಿಯ ಬಾಯಿ ಅರ್ಧ ತೆರೆದಿತ್ತು. ಅವಳು ಬರೆದ ಮಂಜಿನೊಳಗೆ ಅಷ್ಟು ಜನ ಒಮ್ಮೆಲೇ ನಡೆದುಕೊಂಡು ಬಂದಿದ್ದರು.

ಅಣ್ಣನ ಮಗಳು ತುಂಬ ಹೊತ್ತು ಪರದೆಯ ಮುಂದೆ ನಿಂತಿದ್ದಳು. ಆಮೇಲೆ ಮೇಜುಗಳ ಸಂದಿಯಲ್ಲಿ ಅಡ್ಡಡ್ಡ ಹಾದು ಬಾಗಿಲ ಹಿಂದಕ್ಕೆ ಬಂದಳು.

“ಕಾಲು ನೋಯ್ತಿದೆ ಅತ್ತೆ,” ಎಂದಳು. “ಸ್ವಲ್ಪ ಸರ್ಕೋ.”

ಚೀಟಿಯತ್ತೆ ಸರಿದಳು. ಒಬ್ಬರ ಸ್ಟೂಲಿನ ಮೇಲೆ ಇಬ್ಬರೂ ಅರ್ಧರ್ಧ ಕೂತು ನಕ್ಷೆ ನೋಡಿದರು.