ಹೂವಿನ ಪಕ್ಕದ ಕೈ

ಪುಟ್ಟಸ್ವಾಮಿಗೆ ಮದುವೆ ಫೋಟೋ ತೆಗೆದು ಸಾಕಾಗಿತ್ತು. ಸಾಕಾಗಿತ್ತು ಅನ್ನೋದಕ್ಕಿಂತ, ಕರೆಯುವವರೇ ಕಮ್ಮಿಯಾಗಿದ್ದರು. ಆಲ್ದೂರಿನಂಥ ಸಣ್ಣ ಪೇಟೆಯಲ್ಲೂ ಈಗ ಡ್ರೋನ್ ಹಾರಿಸುವ ಹುಡುಗರಿದ್ದಾರೆ. ಸ್ಟುಡಿಯೋ ಮುಚ್ಚಿದ ಮೇಲೆ ಮಲ್ಲಂದೂರಿನ ಕಡೆ ಸೋಮಶೇಖರಪ್ಪನವರ ನರ್ಸರಿಯಲ್ಲಿ ಹೂವಿನ ಫೋಟೋ ತೆಗೆಯುವ ಕೆಲಸ ಹಿಡಿದ. ಅವರು ಕಾಫಿ ಜೊತೆಗೆ ಆಂಥೂರಿಯಂ, ಹೆಲಿಕೋನಿಯಾದಂಥ ಅಲಂಕಾರದ ಹೂವು ಬೆಳೆದು ದೂರದ ಊರುಗಳಿಗೆ ಗಿಡ ಕಳಿಸುತ್ತಿದ್ದರು. ಗಿರಾಕಿಗಳು ನೋಡುವುದು ಫೋನಿನಲ್ಲಿ, ಹಾಗಾಗಿ ಚಿತ್ರವೇ ಅಂಗಡಿ.

ಮಂಜು ಕರಗುವ ಮುಂಚೆಯೇ ಹೋಗಬೇಕು. ಬಿಸಿಲೇರಿದರೆ ಕೆಂಪು ಹೂವು ಬರೀ ಕೆಂಪು ಮುದ್ದೆಯಾಗಿ ಬೀಳುತ್ತದೆ. ಒದ್ದೆ ಮಣ್ಣಿನಲ್ಲಿ ಮಂಡಿಯೂರಿ, ಗಾಳಿ ನಿಲ್ಲಲಿ ಅಂತ ಉಸಿರು ಬಿಗಿಹಿಡಿದು ಕಾಯಬೇಕು. ಆಮೇಲೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಅಂಚು ಕತ್ತರಿಸುವ ಕೆಲಸ. ಹೂವು ಬಿಟ್ಟು ಬೇರೇನೂ ಕಾಣಬಾರದು ಅಂತ ಸೋಮಶೇಖರಪ್ಪನವರು ಹೇಳಿದ್ದರು. ನೆರಳಿನ ಬಲೆ, ಹುಳ ತಿಂದ ಎಲೆ, ಹಿಂದಿನ ಸಿಲ್ವರ್ ಓಕ್ ಮರ ಎಲ್ಲ ಕತ್ತರಿಸಿ ಕತ್ತರಿಸಿ, ಕೊನೆಗೆ ಪರದೆ ತುಂಬ ಹೂವೊಂದೇ ಉಳಿಯುತ್ತಿತ್ತು.

ಎಡವಟ್ಟಾದದ್ದೂ ಅಲ್ಲೇ. ಸುತ್ತ ಏನೂ ಇಲ್ಲದ ಮೇಲೆ ಹೂವಿನ ಅಳತೆ ತಿಳಿಯುವುದು ಹೇಗೆ? ತಟ್ಟೆಯಗಲ ಇರುತ್ತೆ ಅಂದುಕೊಂಡು ತರಿಸಿದವರಿಗೆ ಅಂಗೈಗಿಂತ ಚಿಕ್ಕ ಹೂವು ಬಿಟ್ಟಿತು. ಮೋಸ ಅಂತ ಬೈದು ಬರೆದರು. ಸೋಮಶೇಖರಪ್ಪನವರು ಆ ಬೈಗುಳವನ್ನೆಲ್ಲ ಪುಟ್ಟಸ್ವಾಮಿಯ ಕಡೆ ತಿರುಗಿಸಿದರು. ಅವನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಮಾಡುವುದಕ್ಕೂ ಒಂದಿಷ್ಟು ತ್ರಾಣ ಬೇಕು.

ಹೂವಿನ ಪಕ್ಕ ಕೈ ಇಟ್ಟರೆ ಅಳತೆ ತಿಳಿಯುತ್ತೆ ಅನ್ನಿಸಿ, ಹೆಂಡತಿ ಯಶೋದಾಳನ್ನು ಕೇಳಿದ. ಅವಳು ಕಾಫಿ ಕೊಯ್ದು ಆಗಷ್ಟೇ ಮನೆಗೆ ಬಂದಿದ್ದಳು. ಹಣ್ಣಿನ ಅಂಟು ಕೂತು ಬೆರಳೆಲ್ಲ ಕಪ್ಪಾಗಿತ್ತು.

“ಈ ಕೈ ನೋಡಿ ಯಾರು ಗಿಡ ತಗೋತಾರೆ ಮಾರಾಯ್ರೆ?” ಅಂದಳು. ಆದರೂ ರಜೆಯ ದಿನ ಜೊತೆಗೆ ಹೋದಳು.

ಒಂದೊಂದು ಹೂವನ್ನೂ ಚೌಕಟ್ಟಿನ ಎಡಕ್ಕೆ ತಂದು, ಅದು ಬಾಗಿದ ಕಡೆ ಒಂದಿಷ್ಟು ಜಾಗ ಬಿಟ್ಟು, ಕೆಳಗೆ ಅವಳ ಅಂಗೈ ಕೂರಿಸಿದ. ಎಷ್ಟೋ ಮದುವೆಗಳಲ್ಲಿ ಎಷ್ಟೋ ಕೈಗಳ ಫೋಟೋ ತೆಗೆದವನು ಈ ಕೈಯನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಚಿತ್ರಗಳನ್ನು ನೋಡಿ ಸೋಮಶೇಖರಪ್ಪನವರು ಮುಖ ಸಿಂಡರಿಸಿದರು. ಕೈ ಏನೋ ಸರಿ, ಆದರೆ ಈ ಕೈ ಬೇಡ, ಸೊಸೆ ಮೇಘಶ್ರೀಯನ್ನು ಕೂರಿಸಿ ಮತ್ತೆ ತೆಗಿ ಅಂದರು. ಬೇರೆ ದಿನವಾಗಿದ್ದರೆ ಪುಟ್ಟಸ್ವಾಮಿ ತಲೆಯಾಡಿಸುತ್ತಿದ್ದ.

“ಇದೇ ಇರಲಿ ಸಾರ್. ಬೇಡ ಅಂದ್ರೆ ಬೇರೆಯವ್ರನ್ನ ನೋಡ್ಕೊಳ್ಳಿ. ನನಗೆ ಮತ್ತೆ ಮಂಡಿಯೂರಕ್ಕಾಗಲ್ಲ.”

ಹೆಂಡತಿಗಾಗಿ ಹಾಗಂದನೋ, ಮಂಡಿನೋವಿಗೋ, ಅವನಿಗೇ ಗೊತ್ತಿರಲಿಲ್ಲ. ಹೂವುಗಳು ಬಾಡುವುದರಲ್ಲಿದ್ದವು, ಯಜಮಾನರು ಗೊಣಗುತ್ತಲೇ ಒಪ್ಪಿದರು. ಬರಬರುತ್ತಾ ದೂರುಗಳು ನಿಂತವು. ಕೈಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಒಂದು ಸಂಜೆ, ಕೊಯ್ಲಿನ ಹೆಂಗಸರೆಲ್ಲ ಫೋನಿನಲ್ಲಿ ಚಿತ್ರ ನೋಡಿ ತನ್ನ ಕೈಯ ಗುರುತು ಹಿಡಿದರು ಅಂತ ಯಶೋದಾ ಹೇಳಿದಳು. “ಬಳೆ ಯಾಕೆ ಕತ್ತರಿಸಿದ್ರಿ?” ಅಂತಲೂ ಕೇಳಿದಳು.

ಅವನು ಅದನ್ನು ಗಮನಿಸಿಯೇ ಇರಲಿಲ್ಲ. ಅಭ್ಯಾಸಬಲ, ಮಣಿಕಟ್ಟಿಗೇ ನಿಲ್ಲಿಸಿದ್ದ. ಕನ್ನಡಕ ಹಾಕಿಕೊಂಡು ಕಂಪ್ಯೂಟರಿನಲ್ಲಿ ಮೂಲ ಚಿತ್ರ ತೆರೆದ, ಕತ್ತರಿಸುವ ಕೆಳಗಿನ ಗೆರೆಯನ್ನು ಒಂದಿಷ್ಟು ಇಳಿಸಿದ. ಹಸಿರು ಗಾಜಿನ ಬಳೆ ಬಂತು, ಜೊತೆಗೆ ಸೀರೆಯ ಅಂಚೂ ಚೂರು ಬಂತು. ಕಣ್ಣು ಉರಿಯುತ್ತಿತ್ತು. ಸಾಕು ಏಳಿ, ಊಟ ಮಾಡಿ ಅಂದಳು ಅವಳು. ಇನ್ನೊಂದಿದೆ ತಡಿ ಅಂದು ಅವನು ಬಳೆ ಕತ್ತರಿಸಿದ್ದ ಮುಂದಿನ ಚಿತ್ರವನ್ನು ತೆರೆದ.